ಪೈಥಾನ್‌ನಲ್ಲಿ ಸರಳ ಮೆನು ಪ್ರೋಗ್ರಾಂ ಬರೆಯುವ ಬಗೆ

ಮನೆಖರ್ಚಿನ ಲೆಕ್ಕವಿಡುವ ಮೆನು ಪ್ರೋಗ್ರಾಂ ಒಂದನ್ನು ಬರೆಯುವ ಮುನ್ನ ಆಯ್ಕೆಗಳನ್ನು ಕಾಗದದ ಮೇಲೆ ಗುರುತಿಸಿಕೊಳ್ಳಿ: 1 ಖರ್ಚು ಸೇರಿಸು, 2 ಒಟ್ಟು ಮೊತ್ತ ತೋರಿಸು, 3 ನಿರ್ಗಮಿಸು. ಖರ್ಚುಗಳಿಗಾಗಿ ಒಂದು ಖಾಲಿ ಲಿಸ್ಟ್ (ಪಟ್ಟಿ) ಅನ್ನು ಲೂಪ್‌ಗಿಂತ, ಅಂದರೆ ಮತ್ತೆ ಮತ್ತೆ ನಡೆಯುವ ಭಾಗಕ್ಕಿಂತ, ಮೊದಲೇ ರಚಿಸಬೇಕು. ಲೂಪ್‌ನೊಳಗೆ ರಚಿಸಿದರೆ ಅದು ಪ್ರತಿ ಸುತ್ತಿನಲ್ಲೂ ಬರಿದಾಗಿ, ಒಟ್ಟು ಮೊತ್ತ ಸದಾ ಸೊನ್ನೆಯೇ ಬರುತ್ತದೆ. ಬಳಿಕ ನಿಲ್ಲಿಸುವವರೆಗೂ ಸುತ್ತುತ್ತಲೇ ಇರುವ ‘ವೈಲ್ ಟ್ರೂ’ (while True) ಲೂಪ್‌ನೊಳಗೆ ಆಯ್ಕೆಗಳನ್ನು ಪ್ರಿಂಟ್ ಮಾಡಿ, ಇನ್‌ಪುಟ್ ಫಂಕ್ಷನ್‌ನಿಂದ ಬಳಕೆದಾರರ ಉತ್ತರವನ್ನು ಪಡೆಯಿರಿ.

ಹೊಸಬರು ಎಡವುವುದು ಇಲ್ಲಿಯೇ. ಬಳಕೆದಾರರು 1 ಒತ್ತಿದರೂ ಇನ್‌ಪುಟ್ ಹಿಂದಿರುಗಿಸುವುದು ಸಂಖ್ಯೆಯನ್ನಲ್ಲ, ಸ್ಟ್ರಿಂಗ್ ಅನ್ನು, ಅಂದರೆ ಅಕ್ಷರಗಳ ಸರಣಿಯನ್ನು. ಆದ್ದರಿಂದ ಇಫ್ ಷರತ್ತಿನಲ್ಲಿ ಉದ್ಧರಣ ಚಿಹ್ನೆಯಿಲ್ಲದ 1ರೊಡನೆ ಹೋಲಿಸಿದರೆ, ಯಾವ ದೋಷಸಂದೇಶವೂ ಬಾರದೆ ಆ ಆಯ್ಕೆ ಎಂದಿಗೂ ಕೆಲಸ ಮಾಡುವುದಿಲ್ಲ. "1" ಎಂದೇ ಹೋಲಿಸಬೇಕು. ಉತ್ತರವನ್ನು ಇಂಟ್‌ಗೆ (ಪೂರ್ಣಾಂಕಕ್ಕೆ) ಪರಿವರ್ತಿಸುವ ದಾರಿಯೂ ಇದೆಯಾದರೂ, ಯಾರಾದರೂ ಅಕ್ಷರವೊಂದನ್ನು ಒತ್ತಿದೊಡನೆ ಪ್ರೋಗ್ರಾಂ ವ್ಯಾಲ್ಯೂಎರರ್ ಎಂಬ ದೋಷ ಕೊಟ್ಟು ನಿಲ್ಲುವುದರಿಂದ, ಮೆನುವಿಗೆ ಸ್ಟ್ರಿಂಗ್ ಹೋಲಿಕೆಯೇ ಲೇಸು. ಖರ್ಚಿನ ಮೊತ್ತವನ್ನು ಮಾತ್ರ ಫ್ಲೋಟ್‌ಗೆ (ದಶಮಾಂಶ ಸಂಖ್ಯೆಗೆ) ಪರಿವರ್ತಿಸಲೇಬೇಕಾಗುತ್ತದೆ. ದೋಷ ಬಂದರೂ ಪ್ರೋಗ್ರಾಂ ನಿಲ್ಲದಂತೆ ಆ ಸಾಲನ್ನು ಟ್ರೈ-ಎಕ್ಸೆಪ್ಟ್‌ನೊಳಗೆ (try-except) ಇಡಿ.

ಎರಡನೆಯ ಮತ್ತು ಮೂರನೆಯ ಆಯ್ಕೆಗಳಿಗೆ ಎಲಿಫ್ (elif, ಮೊದಲ ಷರತ್ತು ಹೊಂದದಿದ್ದರೆ ನೋಡುವ ಮುಂದಿನ ಷರತ್ತು) ಬಳಸಿ, ಮೂರನೆಯದರಲ್ಲಿ ಲೂಪ್ ನಿಲ್ಲಿಸುವ ಬ್ರೇಕ್ (break) ಬರೆಯಿರಿ. ಉಳಿದ ಯಾವುದೇ ಉತ್ತರಕ್ಕೆ ಕೊನೆಯ ಎಲ್ಸ್ ಭಾಗದಲ್ಲಿ ‘1, 2 ಅಥವಾ 3 ಒತ್ತಿರಿ’ ಎಂಬ ಸೂಚನೆ ಇರಲಿ.