ಬೇಸಿಗೆಯ ದೂರ, ಮಳೆಗಾಲದ ದೂರ

2011ರ ಫೆಬ್ರವರಿ 9ರಿಂದ 28ರವರೆಗೆ ನಡೆದ ಜನಗಣತಿಯಲ್ಲಿ ಹೊಸನಗರ ತಾಲ್ಲೂಕಿನ ನಮ್ಮೂರಿಗೆ ನಾನೇ ಗಣತಿದಾರನಾಗಿದ್ದೆ. ಕಂದಾಯ ದಾಖಲೆಯಲ್ಲಿ ಊರಿನ ಹೆಸರು ಒಂದೇ ಆದರೂ, ತೋಟದ ತಲೆಯಲ್ಲಿ ಎರಡು ಮನೆ, ಗದ್ದೆಯಾಚೆ ಮೂರು ಮನೆ, ಕಾನಿನ ಅಂಚಿಗೆ ಒಂಟಿಮನೆ ಎಂಬಂತೆ ಅದು ಏಳು ಮಜರೆಗಳಾಗಿ ಹರಡಿಕೊಂಡಿದೆ. ಬಯಲುಸೀಮೆಯಲ್ಲಿ ಅರ್ಧ ದಿನಕ್ಕೆ ಮುಗಿಯುವಷ್ಟು ಮನೆಗಳನ್ನು ಮುಗಿಸಲು ನನಗೆ ನಾಲ್ಕು ದಿನ ಬೇಕಾಯಿತು.

ಹಳ್ಳದಾಚೆಯ ಮಜರೆಯಲ್ಲಿ ಒಬ್ಬ ಅಜ್ಜಿ ನೀರು-ಬೆಲ್ಲ ಕೊಟ್ಟು, ನಾನು ಬಂದ ದಾರಿಯನ್ನು ಕೇಳಿಕೊಂಡು, "ಮೇಷ್ಟ್ರೇ, ಅದು ಬ್ಯಾಸಿಗೆ ದೂರ. ಮಳೆಗಾಲದ್ದು ಬರ್ಕೊಂಡ್ರಾ?" ಎಂದರು. ನನ್ನ ನಮೂನೆಯಲ್ಲಿ ಅದಕ್ಕೆ ಜಾಗವಿರಲಿಲ್ಲ. ಕೆಲಸಕ್ಕೆ ಎಷ್ಟು ದೂರ, ಯಾವ ವಾಹನದಲ್ಲಿ ಹೋಗುತ್ತೀರಿ ಎಂಬ ಪ್ರಶ್ನೆಯೇನೋ ಇತ್ತು. ಆದರೆ ಅದನ್ನು ಬೇಸಾಯಗಾರರಿಗೂ ಕೃಷಿ ಕೂಲಿಗಳಿಗೂ ಕೇಳುವಂತಿರಲಿಲ್ಲ. ಹೈಸ್ಕೂಲಿಗೆ ನಡೆಯುವ ಹುಡುಗಿಯ ದೂರವನ್ನಾಗಲಿ, ಆಸ್ಪತ್ರೆಗೆ ಹೋಗುವ ಬಸುರಿಯ ದೂರವನ್ನಾಗಲಿ ಅಲ್ಲಿ ಬರೆಯಲು ಬರುತ್ತಿರಲಿಲ್ಲ.

ಜನರ ಲೆಕ್ಕವೇ ರಸ್ತೆಯನ್ನು ನಿರ್ಧರಿಸುತ್ತದೆ ಎಂಬುದು ನನಗೆ ಸರಿಯಾಗಿ ಅರ್ಥವಾದದ್ದು ಆಮೇಲೆ. 2000ದ ಡಿಸೆಂಬರ್‌ನಲ್ಲಿ ಆರಂಭವಾದ ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆಯು ಬಯಲಿನ ಜನವಸತಿಗೆ 500 ಜನರನ್ನೂ ಗುಡ್ಡಗಾಡು ರಾಜ್ಯಗಳ ವಸತಿಗೆ 250 ಜನರನ್ನೂ ಕನಿಷ್ಠ ಮಿತಿಯಾಗಿ ಇಟ್ಟಿತ್ತು. ಆ ಗುಡ್ಡಗಾಡು ರಾಜ್ಯಗಳ ಪಟ್ಟಿಯಲ್ಲಿ ಕರ್ನಾಟಕವಿಲ್ಲ. 500 ಮೀಟರ್ ತ್ರಿಜ್ಯದೊಳಗಿನ ವಸತಿಗಳನ್ನು ಒಟ್ಟುಗೂಡಿಸಬಹುದು ಎಂಬ ಅವಕಾಶವಿತ್ತಾದರೂ, ನಮ್ಮ ಒಂದು ಮಜರೆಯಿಂದ ಇನ್ನೊಂದಕ್ಕೆ ಹೋಗಲು ಒಂದು ಗುಡ್ಡವನ್ನೋ ಹಳ್ಳವನ್ನೋ ದಾಟಲೇಬೇಕು. ಜನರಿದ್ದೂ ಜನರಿಲ್ಲದ ಊರಾಗುವುದು ಹೀಗೆ. ಮಲೆನಾಡಿಗೆ ಈ ಅಳತೆ ಸಲ್ಲದು ಎಂದು ಈಗಲೂ ನಂಬಿದ್ದೇನೆ.

ಬಸ್ಸಿಗಾಗಿ ಕೊಟ್ಟ ಮೊದಲ ಅರ್ಜಿಯಲ್ಲಿ ಊರಿನ ಒಟ್ಟು ಜನಸಂಖ್ಯೆಯನ್ನಷ್ಟೇ ಬರೆದಿದ್ದೆವು. ಪ್ರಯಾಣಿಕರು ಸಾಲದು ಎಂಬ ಒಂದು ಸಾಲಿನ ಉತ್ತರ ಬಂತು. ಆಗ ನಾನು ನೂರು ಪುಟದ ಒಂದು ನೋಟ್‌ಬುಕ್ ತೆಗೆದುಕೊಂಡು ಪ್ರತಿ ಮನೆಗೂ ಒಂದು ಸಾಲು ಬಿಟ್ಟೆ. ಯಾರು, ಎಲ್ಲಿಗೆ, ವಾರಕ್ಕೆ ಎಷ್ಟು ಸಲ, ಎಷ್ಟು ಗಂಟೆಗೆ ಹೊರಡುತ್ತಾರೆ ಎಂದು ಬರೆದ ಮೇಲೆ, ದೂರಕ್ಕೆ ಎರಡು ಅಂಕಣಗಳನ್ನು ಹಾಕಿದೆ: ಬೇಸಿಗೆ, ಮಳೆಗಾಲ. ದೂರವನ್ನು ಅಂದಾಜಿಗೆ ಬಿಡದೆ, ಸುತ್ತುದಾರಿಯನ್ನು ಬೈಕಿನ ಮೀಟರ್ ನೋಡಿ ಅಳೆದೆ. ಅಜ್ಜಿಯ ಮಜರೆಯಿಂದ ಡಾಂಬರು ರಸ್ತೆಗೆ ಹಳ್ಳ ದಾಟಿದರೆ 3 ಕಿಲೋಮೀಟರ್, ಸುತ್ತಿ ಬಂದರೆ 9.

ಹಳ್ಳಕ್ಕೆ ಆಗ ಇದ್ದದ್ದು ಅಡಿಕೆ ಮರದ ಸಂಕ. ಪ್ರತಿ ಮೇ ತಿಂಗಳಲ್ಲಿ ಊರವರೇ ನಾಲ್ಕು ಮರ ಜೋಡಿಸಿ, ಬಳ್ಳಿಯಿಂದ ಬಿಗಿದು, ಹಿಡಿದುಕೊಳ್ಳಲು ಒಂದು ಬಿದಿರು ಕಟ್ಟುತ್ತಿದ್ದರು. ಜುಲೈ ಹೊತ್ತಿಗೆ ಅದರ ಮೇಲೆ ಪಾಚಿ ಹಿಡಿಯುತ್ತಿತ್ತು. ಮಕ್ಕಳು ಚಪ್ಪಲಿಯನ್ನು ಚೀಲಕ್ಕೆ ಹಾಕಿಕೊಂಡು, ಕೊಡೆ ಮಡಚಿ, ಅಡ್ಡಡ್ಡ ಹೆಜ್ಜೆಯಿಟ್ಟು ದಾಟುತ್ತಿದ್ದುದನ್ನು ದಡದಲ್ಲಿ ನಿಂತು ನೋಡುವಾಗ ನನ್ನ ಕೈ ಬೆವರುತ್ತಿತ್ತು.

ಆ ನೋಟ್‌ಬುಕ್ಕನ್ನು ಗ್ರಾಮಸಭೆಯಲ್ಲಿ ಓದಿ, ನಡಾವಳಿಯಲ್ಲಿ ಸೇರಿಸಿದೆವು. ಬೆಳಿಗ್ಗೆ ಎಂಟರೊಳಗೆ ಹೊರಡುವವರೇ ಹೆಚ್ಚು ಎಂಬುದು ಅದರಿಂದ ತಿಳಿದದ್ದರಿಂದ, ಒಂಬತ್ತೂಕಾಲಕ್ಕೆ ಬರುತ್ತಿದ್ದ ಖಾಸಗಿ ಬಸ್ಸಿನ ಮಾಲೀಕರನ್ನು ಒಪ್ಪಿಸುವುದು ಸುಲಭವಾಯಿತು; ಬಸ್ಸು ಈಗ ಏಳೂಮುಕ್ಕಾಲಕ್ಕೆ ಹಳ್ಳದ ಈಚೆ ದಡದವರೆಗೆ ಬರುತ್ತದೆ. ಎರಡು ವರ್ಷದ ನಂತರ ಅಲ್ಲಿಗೆ ಕಾಂಕ್ರೀಟಿನ ಕಾಲುಸಂಕವೂ ಆಯಿತು. ಸರ್ಕಾರಿ ಬಸ್ಸು ಮಾತ್ರ ಬಂದಿಲ್ಲ. ಹಾಗಾಗಿ 2023ರ ಜೂನ್ 11ರಂದು, ಸರ್ಕಾರಿ ಬಸ್ಸಿನಲ್ಲಿ ಮಹಿಳೆಯರಿಗೆ ಉಚಿತ ಪ್ರಯಾಣ ಕೊಡುವ ಶಕ್ತಿ ಯೋಜನೆ ಜಾರಿಗೆ ಬಂದರೂ ನಮ್ಮ ಹೆಣ್ಣುಮಕ್ಕಳು ಪೇಟೆಯವರೆಗೆ ಟಿಕೆಟ್ ಕೊಂಡೇ ಹೋಗಬೇಕಾಗಿದೆ.

ಕಾನಂಚಿನ ಮಜರೆಗೆ ಇನ್ನೂ ಅಡಿಕೆ ಮರದ ಸಂಕವೇ ಇದೆ. ಅಲ್ಲಿಂದ ಇಬ್ಬರು ಮಕ್ಕಳು ಈ ವರ್ಷ ಹೈಸ್ಕೂಲಿಗೆ ಸೇರುತ್ತಾರೆ. ಮುಂದಿನ ಗ್ರಾಮಸಭೆಗೆ ಆ ಪುಟವನ್ನೇ ಒಯ್ಯುತ್ತಿದ್ದೇನೆ.