ಮತ ಎಣಿಸುವ ಮುನ್ನ: ಸ್ವಯಂಸೇವಕ ಸಾಫ್ಟ್‌ವೇರ್ ಬಳಗದಲ್ಲಿ ಒಮ್ಮತದ ತಕರಾರು ಬಗೆಹರಿಸುವುದು

ಸ್ವಯಂಸೇವಕರೇ ನಡೆಸುವ ಸಾಫ್ಟ್‌ವೇರ್ ಯೋಜನೆಗಳಲ್ಲಿ ಮತದಾನ ಮುಗಿದ ಮೇಲೆ ಏಳುವ ಜಗಳಗಳನ್ನು ಬಿಡಿಸಿ ನೋಡಿದರೆ, ಎಣಿಕೆ ತಪ್ಪಿದ್ದು ಬಲು ಅಪರೂಪ. ಯಾರಿಗೆ ಮತದ ಹಕ್ಕಿತ್ತು, ಕೇಳಿದ ಪ್ರಶ್ನೆ ಯಾವುದು, ಎಷ್ಟು ಮತ ಬಿದ್ದರೆ ಗೆಲುವು ಎಂಬ ಮೂರರಲ್ಲಿ ಒಂದನ್ನಾದರೂ ಮೊದಲೇ ಬರೆದಿಟ್ಟಿರುವುದಿಲ್ಲ. ಮತ ಬೀಳತೊಡಗಿದ ಮೇಲೆ ನಿಯಮ ಹುಡುಕಲು ಹೊರಟರೆ ಪ್ರತಿಯೊಂದು ಸಲಹೆಯೂ ಯಾವುದೋ ಒಂದು ಪಕ್ಷದ ಪರವಾಗಿಯೇ ಕಾಣುತ್ತದೆ. ಸಂಬಳವಿಲ್ಲದೆ ದುಡಿಯುವವರಿಗೆ ಬೇಸರವಾದರೆ ಎದ್ದು ಹೋಗುವುದಕ್ಕೆ ಅಡ್ಡಿಯೇನೂ ಇಲ್ಲ. ಆದ್ದರಿಂದ ಗೆದ್ದವರು ಸರಿಯೋ ಎಂಬುದಕ್ಕಿಂತ, ಸೋತವರು ಮರುವಾರವೂ ಪ್ಯಾಚ್ (ಕೋಡ್‌ನ ತಿದ್ದುಪಡಿ) ಕಳಿಸುತ್ತಾರೆಯೇ ಎಂಬುದನ್ನೇ ಅಳತೆಗೋಲಾಗಿ ಇಟ್ಟುಕೊಳ್ಳಿ.

ಮೊದಲ ಪ್ರಶ್ನೆ: ಮತ ಹಾಕಬೇಕೇ?

ಹೆಚ್ಚಿನ ವಿಷಯಗಳಿಗೆ ಬೇಡ. ಅಪಾಚೆ ಎಂಬ ಮುಕ್ತ ಸಾಫ್ಟ್‌ವೇರ್ ಸಂಸ್ಥೆಯ ಯೋಜನೆಗಳಲ್ಲಿ ಬಳಕೆಯಲ್ಲಿರುವ ಮೌನ ಸಮ್ಮತಿಯ ಪದ್ಧತಿ ಸಾಕಾಗುತ್ತದೆ. "ಇಂಥದ್ದು ಮಾಡಲಿದ್ದೇನೆ, 72 ಗಂಟೆಯೊಳಗೆ ಆಕ್ಷೇಪಣೆ ಬರದಿದ್ದರೆ ಮುಂದುವರಿಯುತ್ತೇನೆ" ಎಂದು ಘೋಷಿಸಿ ಕಾಯುವುದು, ಅಷ್ಟೇ. 72 ಗಂಟೆಗೆ ಕಾರಣವಿದೆ: ಭೂಮಿಯ ಬೇರೆ ಬೇರೆ ಮೂಲೆಗಳಲ್ಲಿ, ಬೇರೆ ಉದ್ಯೋಗದ ನಡುವೆ ಕೆಲಸ ಮಾಡುವವರಿಗೆಲ್ಲ ಒಮ್ಮೆಯಾದರೂ ಓದುವ ಸಮಯ ಸಿಗಬೇಕು. ಅದನ್ನು ಶುಕ್ರವಾರ ಸಂಜೆ ಶುರುಮಾಡಿದರೆ ಅರ್ಧಕ್ಕರ್ಧ ರಜೆಯಲ್ಲೇ ಕಳೆದುಹೋಗುತ್ತದೆ, ಸೋಮವಾರ ಬಂದವರು ಕದ್ದುಮುಚ್ಚಿ ಮಾಡಿದಿರಿ ಎನ್ನುತ್ತಾರೆ. ವಾರದ ಆರಂಭದಲ್ಲೇ ಘೋಷಿಸಿ.

ಈ ಪದ್ಧತಿ ಹಿಂದಕ್ಕೆ ತೆಗೆದುಕೊಳ್ಳಬಹುದಾದ ಕೆಲಸಗಳಿಗೆ ಮಾತ್ರ. ಒಂದು ಕಮಿಟ್ (ದಾಖಲಾದ ಕೋಡ್ ಬದಲಾವಣೆ) ರದ್ದು ಮಾಡಿದರೆ ಸರಿಹೋಗುವುದಾದರೆ ಮೌನವೇ ಸಮ್ಮತಿ. ಲೈಸೆನ್ಸ್ ಬದಲಾವಣೆ, ಯೋಜನೆಯ ಹೆಸರು, ಆಡಳಿತದ ನಿಯಮ, ಹೊರಗಿನ ಬಳಕೆದಾರರ ಕೋಡ್ ಮುರಿಯುವ ಬದಲಾವಣೆ ಇವಕ್ಕೆ ಮೌನ ಸಾಲದು, ಬಾಯಿಬಿಟ್ಟು ಹೇಳಿದ ಒಪ್ಪಿಗೆ ಬೇಕು.

ಆಕ್ಷೇಪಣೆಯನ್ನು ಎಣಿಸಬೇಡಿ, ಉತ್ತರಿಸಿ

ಇಂಟರ್ನೆಟ್‌ನ ತಾಂತ್ರಿಕ ಮಾನದಂಡಗಳನ್ನು ರೂಪಿಸುವ ಐಇಟಿಎಫ್ ತನ್ನ ಒಮ್ಮತದ ರೀತಿಯನ್ನು 2014ರಲ್ಲಿ ಆರ್‌ಎಫ್‌ಸಿ 7282 ಎಂಬ ದಾಖಲೆಯಲ್ಲಿ ವಿವರಿಸಿದೆ. ಅದರ ತಿರುಳು ಇಷ್ಟು: ಪ್ರತಿ ಆಕ್ಷೇಪಣೆಯನ್ನೂ ಪರಿಶೀಲಿಸಿ ಉತ್ತರ ಕೊಟ್ಟಿದ್ದರೆ ಸ್ಥೂಲ ಒಮ್ಮತ ಬಂದಂತೆ, ಆಕ್ಷೇಪಣೆ ಎತ್ತಿದವರು ಹೇಳಿದಂತೆಯೇ ನಡೆಯಬೇಕೆಂದಿಲ್ಲ. ಇದರ ಇನ್ನೊಂದು ಮುಖವನ್ನು ಜನ ಮರೆಯುತ್ತಾರೆ. ನೂರು ಜನ ಹೌದೆಂದರೂ ಐದು ಜನರ ತಾಂತ್ರಿಕ ಪ್ರಶ್ನೆಗೆ ಉತ್ತರವಿಲ್ಲದಿದ್ದರೆ ಒಮ್ಮತ ಬಂದಿಲ್ಲ. ನೂರು ಜನ ಬೇಡವೆಂದರೂ ಅವರು ಎತ್ತಿದ ಒಂದೇ ಅಂಶಕ್ಕೆ ಸರಿಯಾದ ಉತ್ತರ ಸಿಕ್ಕಿದ್ದರೆ ಒಮ್ಮತ ಬಂದಿರಬಹುದು. ಹೊರಗಿನಿಂದ ಬೆಂಬಲಿಗರನ್ನು ಕರೆತಂದು ಗುಂಪು ಕಟ್ಟುವ ತಂತ್ರ ಇಲ್ಲಿ ನಡೆಯದಿರುವುದಕ್ಕೆ ಇದೇ ಕಾರಣ.

ಕಾರ್ಯರೂಪಕ್ಕೆ ತರುವುದು ಹೀಗೆ. ಪ್ರಸ್ತಾವನೆಯ ಕೆಳಗೆ ಆಕ್ಷೇಪಣೆಗಳ ಪಟ್ಟಿಯೊಂದನ್ನು ತೆರೆಯಿರಿ. ಪ್ರತಿ ಸಾಲಿನಲ್ಲಿ ಆಕ್ಷೇಪಣೆ, ಎತ್ತಿದವರು, ಸಿಕ್ಕ ಉತ್ತರ, ಈಗಿನ ಸ್ಥಿತಿ ಇರಲಿ. ಸ್ಥಿತಿ ಮೂರೇ ಬಗೆ: ಪ್ರಸ್ತಾವನೆ ತಿದ್ದಲಾಗಿದೆ, ಕಾರಣ ಕೊಟ್ಟು ತಳ್ಳಿಹಾಕಲಾಗಿದೆ, ಇನ್ನೂ ಬಾಕಿಯಿದೆ. ಆಕ್ಷೇಪಣೆಯ ಸಾರಾಂಶ ಬರೆಯುವ ಕೆಲಸವನ್ನು ಪ್ರಸ್ತಾವನೆ ಮಂಡಿಸಿದವರಿಗೆ ಕೊಡಬೇಡಿ. ಬೇರೊಬ್ಬರು ಬರೆದು, "ನೀವು ಹೇಳಿದ್ದು ಇದೇ ತಾನೇ?" ಎಂದು ಎತ್ತಿದವರಿಂದಲೇ ಖಚಿತಪಡಿಸಿಕೊಳ್ಳಬೇಕು. ಈ ಒಂದು ಹೆಜ್ಜೆ ಬಿಟ್ಟರೆ ಚರ್ಚೆ ವಾರಗಟ್ಟಲೆ ಸುತ್ತುತ್ತದೆ, ಏಕೆಂದರೆ ತನ್ನ ಮಾತು ತಲುಪಿಲ್ಲ ಎಂದುಕೊಂಡವರು ಅದನ್ನೇ ಮತ್ತೆ ಮತ್ತೆ ಹೇಳುತ್ತಾರೆ.

ವಿರೋಧಿಸುವವರನ್ನು "ನಿಮಗೆ ಇಷ್ಟವೇ?" ಎಂದು ಕೇಳಬೇಡಿ. "ಇದು ಜಾರಿಯಾದರೆ ಏನು ಕೆಡುತ್ತದೆ, ಯಾರಿಗೆ?" ಎಂದು ಕೇಳಿ. ಹಳೆಯ ಕಾನ್ಫಿಗರೇಶನ್ ಕಡತ ಓದಲಾಗುವುದಿಲ್ಲ, ನಿರ್ವಹಣೆಗೆ ಇಬ್ಬರೇ ಇದ್ದಾರೆ, ಇಂಥ ಪ್ರೊಸೆಸರ್‌ನಲ್ಲಿ ಬಿಲ್ಡ್ ಆಗುವುದಿಲ್ಲ ಎಂಬಂಥ ಉತ್ತರ ಬಂದರೆ ಅದು ಕೈಗೆ ಸಿಗುವ ಆಕ್ಷೇಪಣೆ. ಬರೀ ಅಭಿರುಚಿಯ ಮಾತಾದರೆ ಅದನ್ನೂ ಗೌರವದಿಂದ ದಾಖಲಿಸಿ, ಆದರೆ ಕೆಲಸ ನಿಲ್ಲಿಸಬೇಡಿ.

ವೀಟೊ, ಅಂದರೆ ಒಬ್ಬರೇ ತಡೆಯುವ ಹಕ್ಕು, ಇರುವ ಕಡೆ ಅದರ ಮೇರೆಯನ್ನೂ ಬರೆದಿಡಬೇಕು. ಅಪಾಚೆಯಲ್ಲಿ ಮತದ ಹಕ್ಕುಳ್ಳವರ ಒಂದೇ ಒಂದು −1 (ವಿರೋಧದ ಮತ) ಕೋಡ್ ಬದಲಾವಣೆಯನ್ನು ತಡೆಯಬಲ್ಲದು. ಆದರೆ ಅದರ ಜೊತೆ ತಾಂತ್ರಿಕ ಕಾರಣ ಇರಲೇಬೇಕು, ಕಾರಣವಿಲ್ಲದ ವೀಟೊ ಅಸಿಂಧು. ರಿಲೀಸ್‌ಗೆ (ಹೊಸ ಆವೃತ್ತಿಯ ಬಿಡುಗಡೆಗೆ) ವೀಟೊ ಇಲ್ಲ: ಹಕ್ಕುಳ್ಳವರ ಕನಿಷ್ಠ ಮೂರು +1 (ಒಪ್ಪಿಗೆಯ ಮತ) ಇದ್ದು, +1ಗಳು −1ಗಳಿಗಿಂತ ಹೆಚ್ಚಿದ್ದರೆ ರಿಲೀಸ್ ಹೊರಡುತ್ತದೆ. ಈ ವ್ಯತ್ಯಾಸ ಬಹಳ ವಿವೇಕದ್ದು. ಕೆಟ್ಟ ಕೋಡ್ ಒಳಸೇರಿದರೆ ಮುಂದಿನವರೆಲ್ಲ ಅದರ ಮೇಲೆಯೇ ಕಟ್ಟುತ್ತಾರೆ, ಹಾಗಾಗಿ ಒಬ್ಬರಿಗೂ ತಡೆಯುವ ಅಧಿಕಾರ. ರಿಲೀಸ್‌ನಲ್ಲಿ ಉಳಿದ ದೋಷವನ್ನು ಮುಂದಿನ ಆವೃತ್ತಿಯಲ್ಲಿ ಸರಿಪಡಿಸಬಹುದು, ಒಬ್ಬರ ಹಟಕ್ಕೆ ಎಲ್ಲರ ತಿಂಗಳುಗಳ ಕೆಲಸ ಕಾಯಬೇಕಿಲ್ಲ. ನಿಮ್ಮ ನಿಯಮದಲ್ಲಿ ಇನ್ನೊಂದು ಸಾಲು ಸೇರಿಸಿ: ವೀಟೊ ಹಾಕಿದವರು ಏಳು ದಿನದೊಳಗೆ ಪ್ರಶ್ನೆಗಳಿಗೆ ಉತ್ತರಿಸದಿದ್ದರೆ ಅದು ಬಿದ್ದುಹೋಗುತ್ತದೆ. ವೀಟೊ ಹಾಕಿ ಕಣ್ಮರೆಯಾಗುವುದು ಯೋಜನೆಯನ್ನು ಸದ್ದಿಲ್ಲದೆ ಕೊಲ್ಲುವ ಅಭ್ಯಾಸ.

ಮತಪತ್ರ ಬರೆಯುವುದು

ಉತ್ತರ ಸಿಕ್ಕರೂ ಎರಡು ದಾರಿಗಳು ಸಮನಾಗಿ ಉಳಿದಾಗ ಮತದಾನ ಬರುತ್ತದೆ. ಇಲ್ಲಿ ಅತಿ ಹೆಚ್ಚು ಕೆಡುವುದು ಪ್ರಶ್ನೆ. ಒಂದು ಮತಪತ್ರದಲ್ಲಿ ಒಂದೇ ಪ್ರಶ್ನೆ ಇರಲಿ. ಲಿನಕ್ಸ್ ಆಧಾರಿತ ಕಾರ್ಯಾಚರಣಾ ವ್ಯವಸ್ಥೆಯಾದ ಡೆಬಿಯನ್‌ನಲ್ಲಿ ಇನಿಟ್ (ಕಂಪ್ಯೂಟರ್ ಶುರುವಾದಾಗ ಉಳಿದ ಸೇವೆಗಳನ್ನು ಚಾಲೂ ಮಾಡುವ ಪ್ರೋಗ್ರಾಂ) ಕುರಿತು ಎದ್ದ ವಿವಾದ ಇದಕ್ಕೆ ಪಾಠದಂತಿದೆ. ಡೀಫಾಲ್ಟ್ ಇನಿಟ್ ಯಾವುದು ಎಂಬುದು ಒಂದು ಪ್ರಶ್ನೆ, ಉಳಿದ ಪ್ಯಾಕೇಜ್‌ಗಳು ಒಂದೇ ಇನಿಟ್‌ಗೆ ಕಟ್ಟುಬೀಳಬಹುದೇ ಎಂಬುದು ಇನ್ನೊಂದು. 2014ರ ಫೆಬ್ರವರಿಯಲ್ಲಿ ತಾಂತ್ರಿಕ ಸಮಿತಿಯ ಎಂಟು ಮಂದಿ 4–4 ಆಗಿ ಒಡೆದು, ಅಧ್ಯಕ್ಷರ ನಿರ್ಣಾಯಕ ಮತದಿಂದ ಸಿಸ್ಟಮ್‌ಡಿ ಎಂಬ ಇನಿಟ್ ಆಯ್ಕೆಯಾಯಿತು. ಎರಡನೆಯ ಪ್ರಶ್ನೆ ಹಾಗೇ ಉಳಿದು ಅದೇ ವರ್ಷದ ನವೆಂಬರ್‌ನಲ್ಲಿ ಎಲ್ಲ ಡೆವಲಪರ್‌ಗಳ ಮತಕ್ಕೆ ಬಂತು, 2019ರಲ್ಲಿ ಇನಿಟ್ ವಿಷಯ ಮತ್ತೊಮ್ಮೆ ಮತಕ್ಕೆ ಹೋಯಿತು. ಹೆಣೆದುಕೊಂಡ ಪ್ರಶ್ನೆಗಳನ್ನು ಬಿಡಿಸದೆ ಒಂದಕ್ಕೆ ಉತ್ತರ ಕೊಟ್ಟರೆ ಇನ್ನೊಂದು ಬಾಗಿಲ ಬಳಿ ಕಾಯುತ್ತಲೇ ಇರುತ್ತದೆ.

ಕರಡನ್ನು ಎರಡೂ ಕಡೆಯವರಿಗೆ ತೋರಿಸಿ, ತಮ್ಮ ಆಯ್ಕೆಯ ವಾಕ್ಯವನ್ನು ಅವರೇ ಬರೆಯಲಿ. ವಿರೋಧಿಯ ಆಯ್ಕೆಯನ್ನು ನೀವು ಬರೆದರೆ ಎಷ್ಟೇ ಪ್ರಾಮಾಣಿಕರಾದರೂ ಅದು ಸೊಟ್ಟಗಾಗುತ್ತದೆ. ಮತದಾನದ ಕರೆ ಇಷ್ಟು ವಿವರ ಹೊತ್ತಿರಲಿ (ಕಮಿಟರ್ ಎಂದರೆ ಕೋಡ್‌ಗೆ ನೇರವಾಗಿ ಬದಲಾವಣೆ ಸೇರಿಸುವ ಹಕ್ಕುಳ್ಳವರು, ಯುಟಿಸಿ ಎಂದರೆ ಜಾಗತಿಕ ಪ್ರಮಾಣ ಸಮಯ):

"ಪ್ರಶ್ನೆ: 4.0 ಆವೃತ್ತಿಯಿಂದ ಹಳೆಯ ಪ್ಲಗಿನ್ ಇಂಟರ್ಫೇಸ್ ತೆಗೆದುಹಾಕಬೇಕೇ? ಆಯ್ಕೆಗಳು: ಹೌದು, ಇಲ್ಲ, ತಟಸ್ಥ. ಮತದಾರರು: ಈ ಕರೆ ಹೊರಟ ದಿನ ಕಮಿಟರ್ ಪಟ್ಟಿಯಲ್ಲಿದ್ದ 23 ಮಂದಿ. ಅವಧಿ: 14 ದಿನ, ಯುಟಿಸಿ 23:59ಕ್ಕೆ ಮುಕ್ತಾಯ. ಗೆಲುವು: ಹೌದು ಮತ್ತು ಇಲ್ಲ ಮತಗಳ ಮೊತ್ತದಲ್ಲಿ ಮೂರನೇ ಎರಡು ಭಾಗ ಹೌದು ಆಗಿರಬೇಕು, ಹೌದು ಮತ ಕನಿಷ್ಠ 8 ಇರಬೇಕು. ಅವಧಿ ಮುಗಿಯುವವರೆಗೆ ಮತ ಬದಲಿಸಬಹುದು, ಕೊನೆಯದೇ ಲೆಕ್ಕ. ಸೋತರೆ: ಇಂಟರ್ಫೇಸ್ ಈಗಿರುವಂತೆಯೇ ಮುಂದುವರಿಯುತ್ತದೆ."

ಸಮಯವಲಯ ಬರೆಯದೆ ಬರೀ ತಾರೀಖು ಹಾಕಿದರೆ, ಕೊನೆಯ ಗಂಟೆಗಳಲ್ಲಿ ಬಂದ ಎರಡು ಮತಗಳ ಮೇಲೆ ಜಗಳ ಖಚಿತ. ಮತದಾರರ ಪಟ್ಟಿಯನ್ನು ಕರೆ ಹೊರಡಿಸಿದ ಕ್ಷಣಕ್ಕೆ ಸ್ಥಿರಗೊಳಿಸುವುದೂ ಅಷ್ಟೇ ಮುಖ್ಯ, ಇಲ್ಲವಾದರೆ ಮತದಾನದ ನಡುವೆ ಹೊಸ ಕಮಿಟರ್‌ಗಳನ್ನು ಸೇರಿಸಿದರೆಂಬ ಅನುಮಾನ ಹುಟ್ಟುತ್ತದೆ. ಹಕ್ಕಿಲ್ಲದವರ ಮತವನ್ನೂ ಸ್ವಾಗತಿಸಿ, ಅದನ್ನು ಸಲಹೆಯೆಂದು ಗುರುತಿಸಿ ಬೇರೆ ಕಾಲಂನಲ್ಲಿಡಿ. ಹಲವು ಸಲ ಬಳಕೆದಾರರ ನಿಜವಾದ ನೋವು ಕಾಣುವುದು ಆ ಕಾಲಂನಲ್ಲೇ.

ಎಣಿಕೆಯ ಸೂಕ್ಷ್ಮಗಳು

ತಟಸ್ಥ ಮತವನ್ನು ಏನು ಮಾಡಬೇಕು? 6 ಹೌದು, 2 ಇಲ್ಲ, 2 ತಟಸ್ಥ ಎಂದಿಟ್ಟುಕೊಳ್ಳಿ. ತಟಸ್ಥವನ್ನು ಬಿಟ್ಟರೆ ಎಂಟರಲ್ಲಿ ಆರು, ಅಂದರೆ 75 ಪ್ರತಿಶತ. ಮೂರನೇ ಎರಡರ ಗೆರೆ ದಾಟಿತು. ಸೇರಿಸಿದರೆ ಹತ್ತರಲ್ಲಿ ಆರು, 60 ಪ್ರತಿಶತ, ಬಿದ್ದುಹೋಯಿತು. ಒಂದೇ ಮತಗಳಿಗೆ ಎರಡು ಫಲಿತಾಂಶ. ತಟಸ್ಥವನ್ನು ಬಿಡುವುದೇ ಸರಿ, ಏಕೆಂದರೆ ಸೇರಿಸಿದ ಕೂಡಲೇ ಅದು ತಟಸ್ಥವಾಗಿ ಉಳಿಯದೆ ವಿರೋಧದ ಮತವಾಗುತ್ತದೆ.

ಕೋರಂ (ನಿರ್ಣಯ ಸಿಂಧುವಾಗಲು ಬೇಕಾದ ಕನಿಷ್ಠ ಸಂಖ್ಯೆ) ಇಡುವಾಗ ಇನ್ನೂ ಎಚ್ಚರ ಬೇಕು. ಒಟ್ಟು ಹಾಜರಾತಿ 10 ಇರಬೇಕೆಂಬ ನಿಯಮವಿದ್ದು, 8 ಹೌದು, 3 ಇಲ್ಲ ಬಿದ್ದರೆ ಪ್ರಸ್ತಾವನೆ ಗೆಲ್ಲುತ್ತದೆ. ಆದರೆ ವಿರೋಧಿಗಳಲ್ಲಿ ಇಬ್ಬರು ಮತ ಹಾಕದೆ ಸುಮ್ಮನಿದ್ದರೆ ಹಾಜರಾತಿ 9ಕ್ಕಿಳಿದು ಅದೇ ಪ್ರಸ್ತಾವನೆ ಸೋಲುತ್ತದೆ. ಮತ ಹಾಕದಿರುವುದೇ ಲಾಭವೆಂದು ಕಂಡ ಮೇಲೆ ಯಾರೂ ಪ್ರಾಮಾಣಿಕವಾಗಿ ವಿರೋಧಿಸುವುದಿಲ್ಲ. ಡೆಬಿಯನ್ ಕೋರಂ ಅನ್ನು ಹಾಜರಾತಿಯ ಬದಲು ಆಯ್ಕೆಯ ಮೇಲೆ ಇಟ್ಟಿದೆ: ಯಥಾಸ್ಥಿತಿಗಿಂತ ಈ ಆಯ್ಕೆ ಮೇಲೆಂದು ಇಷ್ಟು ಜನ ಹೇಳಿರಬೇಕು ಎಂಬುದು ಅದರ ನಿಯಮ. ಸಂಖ್ಯೆಯನ್ನು ಡೆವಲಪರ್‌ಗಳ ವರ್ಗಮೂಲದಿಂದ ಲೆಕ್ಕ ಹಾಕುತ್ತಾರೆ. ವರ್ಗಮೂಲದ ಅರ್ಧವನ್ನು ಕ್ಯೂ ಎಂದು ಕರೆದು, ಅದರ ಮೂರು ಪಟ್ಟನ್ನು ಕೋರಂ ಆಗಿ ಇಡುತ್ತಾರೆ. ಸಾವಿರ ಮಂದಿ ಇದ್ದರೆ ಇದು ಸುಮಾರು 47ಕ್ಕೆ ಬರುತ್ತದೆ. ಹೆಸರು ಪಟ್ಟಿಯಲ್ಲಿದ್ದೂ ಕೆಲಸದಿಂದ ದೂರವಾದವರು ಹೆಚ್ಚಿರುವ ಸ್ವಯಂಸೇವಕ ಬಳಗಕ್ಕೆ ಶೇಕಡಾ ಲೆಕ್ಕಕ್ಕಿಂತ ಇದು ಚೆನ್ನಾಗಿ ಹೊಂದುತ್ತದೆ.

ಬರೀ ಅರ್ಧಕ್ಕಿಂತ ಒಂದು ಹೆಚ್ಚು ಎಂಬ ಗೆಲುವು ದೊಡ್ಡ ವಿಷಯಗಳಿಗೆ ಬೇಡ. ಪಿಎಚ್‌ಪಿ ಎಂಬ ಪ್ರೋಗ್ರಾಮಿಂಗ್ ಭಾಷೆಯ ಬಳಗ 2019ರಲ್ಲಿ ಅಂಥ ಸಣ್ಣ ಅಂತರದ ಗೆಲುವನ್ನು ಕೈಬಿಟ್ಟು, ತನ್ನ ಆರ್‌ಎಫ್‌ಸಿಗಳ (ಬದಲಾವಣೆಯ ಪ್ರಸ್ತಾವನೆಗಳ) ಮುಖ್ಯ ಮತಕ್ಕೆಲ್ಲ ಮೂರನೇ ಎರಡು ಬಹುಮತ ಕಡ್ಡಾಯ ಮಾಡಿತು. ವ್ಯಕ್ತಿಗಳ ಚುನಾವಣೆಗೆ ಈ ಗೆರೆ ಹೊಂದುವುದಿಲ್ಲ, ಯಾರೂ ದಾಟದೆ ಕುರ್ಚಿ ಖಾಲಿ ಉಳಿದೀತು.

ಮೂರು ಆಯ್ಕೆಗಳಿದ್ದರೆ

ಒಬ್ಬರಿಗೆ ಒಂದೇ ಮತ ಎಂಬ ಪದ್ಧತಿ ಇಲ್ಲಿ ಕೈಕೊಡುತ್ತದೆ. ಕ, ಖ, ಗ ಎಂಬ ಮೂರು ಬಿಲ್ಡ್ ಪದ್ಧತಿಗಳು, 15 ಮತದಾರರು. ಆರು ಮಂದಿಯ ಕ್ರಮ ಕ-ಗ-ಖ, ಐವರದು ಖ-ಗ-ಕ, ಇಬ್ಬರದು ಗ-ಕ-ಖ, ಇನ್ನಿಬ್ಬರದು ಗ-ಖ-ಕ. ಮೊದಲ ಆಯ್ಕೆ ಮಾತ್ರ ಎಣಿಸಿದರೆ 6–5–4, ಕ ಗೆಲ್ಲುತ್ತದೆ. ಈಗ ಜೋಡಿಜೋಡಿಯಾಗಿ ಹೋಲಿಸಿ. ಗ ಮತ್ತು ಕ ನಡುವೆ ಒಂಬತ್ತು ಮಂದಿ ಗ ಕಡೆ, ಆರು ಮಂದಿ ಕ ಕಡೆ. ಗ ಮತ್ತು ಖ ನಡುವೆ 10–5. ಮೊದಲ ಎಣಿಕೆಯಲ್ಲಿ ಕೊನೆಗಿದ್ದ ಗ ಎರಡನ್ನೂ ಸೋಲಿಸುತ್ತದೆ. ಕ ಜಾರಿಯಾಗಿದ್ದರೆ 15ರಲ್ಲಿ ಒಂಬತ್ತು ಮಂದಿ ಅತೃಪ್ತರಾಗಿ ಉಳಿಯುತ್ತಿದ್ದರು.

ಹೀಗೆ ಜೋಡಿಜೋಡಿಯಾಗಿ ಹೋಲಿಸಿ, ಉಳಿದೆಲ್ಲವನ್ನೂ ಸೋಲಿಸಿದ ಆಯ್ಕೆಯನ್ನು ಗೆಲ್ಲಿಸುವುದೇ ಕಾಂಡೋರ್ಸೆ ಪದ್ಧತಿ. ಕ ಖವನ್ನು, ಖ ಗವನ್ನು, ಗ ಕವನ್ನು ಸೋಲಿಸುವಂಥ ಸುತ್ತು ಬಂದಾಗ ಬಿಡಿಸಲು ಡೆಬಿಯನ್ ಶುಲ್ಟ್ಸೆ ಪದ್ಧತಿ ಬಳಸುತ್ತದೆ. ಸುತ್ತು ಬಿದ್ದರೆ ಏನು ಮಾಡುವಿರೆಂದು ನೀವೂ ಮೊದಲೇ ಬರೆದಿಡಿ, ಎಣಿಕೆಯನ್ನು ಕೈಯಿಂದ ಮಾಡದೆ ಉಪಕರಣಕ್ಕೆ ಬಿಡಿ. "ಇನ್ನಷ್ಟು ಚರ್ಚೆ" ಎಂಬುದನ್ನೂ ಒಂದು ಆಯ್ಕೆಯಾಗಿ ಇಡುವುದನ್ನು ಮರೆಯಬೇಡಿ. ಎಲ್ಲ ಆಯ್ಕೆಗಳೂ ಅಪಕ್ವ ಎನ್ನುವವರಿಗೆ ಬೇರೆ ದಾರಿಯಿರುವುದಿಲ್ಲ. ಪೈಥಾನ್ ಪ್ರೋಗ್ರಾಮಿಂಗ್ ಭಾಷೆಯ ಮೂಲ ಕರ್ತೃ 2018ರ ಜುಲೈನಲ್ಲಿ ಅಂತಿಮ ತೀರ್ಮಾನದ ಹೊಣೆಯಿಂದ ಕೆಳಗಿಳಿದಾಗ, ಮುಂದಿನ ಆಡಳಿತಕ್ಕೆ ಏಳು ಪ್ರಸ್ತಾವನೆಗಳಿದ್ದವು. ಹೇಗೆ ಮತ ಹಾಕಬೇಕೆಂಬುದನ್ನೇ ಪೆಪ್ 8001 ಎಂಬ ಪ್ರತ್ಯೇಕ ದಾಖಲೆಯಾಗಿ ಮೊದಲು ಬರೆದು, ಡಿಸೆಂಬರ್‌ನಲ್ಲಿ ಶ್ರೇಯಾಂಕ ಮತದಾನ (ಆಯ್ಕೆಗಳನ್ನು ಇಷ್ಟದ ಕ್ರಮದಲ್ಲಿ ಬರೆಯುವುದು) ನಡೆಸಿ, ಐದು ಮಂದಿಯ ಸ್ಟೀರಿಂಗ್ ಕೌನ್ಸಿಲ್ ಮಾದರಿಯನ್ನು ಆರಿಸಿದರು. ಅನುಸರಿಸಬೇಕಾದ ಕ್ರಮ ಇದೇ: ಮೊದಲು ವಿಧಾನ, ಆಮೇಲೆ ವಿಷಯ.

ಗುಪ್ತವೋ ಬಹಿರಂಗವೋ? ತಾಂತ್ರಿಕ ವಿಷಯಕ್ಕೆ ಬಹಿರಂಗವೇ ಇರಲಿ, ಕಾರಣ ಗೊತ್ತಾಗಬೇಕು. ವ್ಯಕ್ತಿಗಳ ಬಗ್ಗೆ ಅಥವಾ ಕಿರುಕುಳಕ್ಕೆ ಆಸ್ಪದವಿರುವ ವಿಷಯವಾದರೆ ಗುಪ್ತ. ಡೆಬಿಯನ್ 2022ರಲ್ಲಿ ಸಾಮಾನ್ಯ ನಿರ್ಣಯಗಳಲ್ಲಿ ಯಾರು ಯಾವ ಮತ ಹಾಕಿದರೆಂಬುದನ್ನು ಮರೆಮಾಡಲು ತೀರ್ಮಾನಿಸಿತು.

ನಡುವೆ ತಕರಾರು ಬಂದರೆ

ಪ್ರಶ್ನೆಯಲ್ಲಿ ದೋಷವಿದೆ ಎಂದು ಮೂರನೇ ದಿನ ಗೊತ್ತಾದರೆ ವಾಕ್ಯ ತಿದ್ದಬೇಡಿ. ಆಗಲೇ ಮತ ಹಾಕಿದವರು ಹಳೆಯ ವಾಕ್ಯಕ್ಕೆ ಹಾಕಿದ್ದಾರೆ. ಮತದಾನ ರದ್ದೆಂದು ಘೋಷಿಸಿ, ಹೊಸ ಕರೆ ಹೊರಡಿಸಿ, ಅವಧಿಯನ್ನು ಮೊದಲಿಂದ ಎಣಿಸಿ. ಫಲಿತಾಂಶ ಹತ್ತಿರ ಬಂದಿದೆಯೆಂದು ಅವಧಿ ವಿಸ್ತರಿಸುವುದಂತೂ ಖಂಡಿತ ಬೇಡ, ಅದು ಸೋಲುತ್ತಿರುವ ಪಕ್ಷಕ್ಕೆ ಕೊಟ್ಟ ಉಡುಗೊರೆಯೆಂದೇ ಎಲ್ಲರೂ ಓದುತ್ತಾರೆ. ನಿಯಮದ ಅರ್ಥದ ಬಗ್ಗೆ ವಿವಾದವೆದ್ದರೆ ತೀರ್ಪು ಕೊಡುವವರು ಮತ ಎಣಿಸುವ ಕಾರ್ಯದರ್ಶಿಯಾಗಿರಲಿ, ಆ ಹೆಸರು ಕರೆಯಲ್ಲೇ ಇರಲಿ, ಅವರು ಆ ವಿಷಯದಲ್ಲಿ ಪ್ರಚಾರ ಮಾಡದಿರಲಿ.

ಫಲಿತಾಂಶ ಪ್ರಕಟಿಸುವಾಗ ಸಂಖ್ಯೆಯ ಜೊತೆ ಬಾಕಿ ಉಳಿದ ಆಕ್ಷೇಪಣೆಗಳ ಪಟ್ಟಿಯನ್ನೂ ಲಗತ್ತಿಸಿ, ಜಾರಿಗೆ ತರುವವರ ಹೆಸರನ್ನೂ ಬರೆಯಿರಿ. ಕೆಲಸ ಮಾಡುವವರೇ ಇಲ್ಲದ ನಿರ್ಣಯ ಆರು ತಿಂಗಳಲ್ಲಿ ಹೊಸ ಜಗಳವಾಗಿ ಮರಳುತ್ತದೆ. ಅದೇ ಪ್ರಶ್ನೆಯನ್ನು ಮತ್ತೆ ತೆರೆಯಲು ಎರಡು ಷರತ್ತುಗಳಲ್ಲಿ ಒಂದು ಸಾಕು: ಒಂದು ವರ್ಷ ಕಳೆದಿರಬೇಕು, ಇಲ್ಲವೇ ಮತದಾನದ ವೇಳೆ ಯಾರಿಗೂ ಗೊತ್ತಿರದ ತಾಂತ್ರಿಕ ಸಂಗತಿ ಹೊರಬಂದಿರಬೇಕು. ಎರಡನೆಯದು ನಿಜವೇ ಎಂದು ನಿರ್ಧರಿಸಲು ಆಕ್ಷೇಪಣೆಗಳ ಹಳೆಯ ಪಟ್ಟಿ ತೆರೆದು ನೋಡಿ. ಅಲ್ಲಿ ಆಗಲೇ ಉತ್ತರ ಸಿಕ್ಕಿದ್ದರೆ ಅದರ ಕೊಂಡಿ ಕೊಟ್ಟು ಚರ್ಚೆ ಮುಗಿಸಬಹುದು, ಸಿಗದಿದ್ದರೆ ಹೊಸ ಸಾಲು ಸೇರಿಸಿ ಮೊದಲ ಹೆಜ್ಜೆಯಿಂದ ಶುರುಮಾಡಬೇಕು.