ಫಿಶ್ ಅಂಡ್ ಚಿಪ್ಸ್: ಜೇಬಿಗೆ ಕತ್ತರಿ ಬೀಳದ ಹಾಗೆ ತಿನ್ನುವುದು ಹೇಗೆ

ಇಂಗ್ಲೆಂಡಿಗೆ ಹೊಸದಾಗಿ ಬಂದ ಹುಡುಗರು ನನ್ನನ್ನು ಕೇಳುವುದು ಸಾಮಾನ್ಯವಾಗಿ ಒಂದೇ ಪ್ರಶ್ನೆ. "ಅಕ್ಕ, ಒಂದು ಮೀನು, ಒಂದು ಹಿಡಿ ಆಲೂಗಡ್ಡೆಗೆ ಹತ್ತು ಪೌಂಡಾ?" ಹೌದಪ್ಪಾ, ಹತ್ತು ಪೌಂಡೇ. ಫಿಶ್ ಅಂಡ್ ಚಿಪ್ಸ್ ಅಂದರೆ ಹಿಟ್ಟಿನಲ್ಲಿ ಅದ್ದಿ ಕರಿದ ಮೀನು, ಜೊತೆಗೆ ದಪ್ಪಗೆ ಹೆಚ್ಚಿ ಕರಿದ ಆಲೂಗಡ್ಡೆ. ಲಂಡನ್ನಿನಲ್ಲಾದರೆ ಇನ್ನೂ ಜಾಸ್ತಿ. ಇಲ್ಲಿನ ಸರ್ಕಾರಿ ಅಂಕಿಅಂಶ ಕಚೇರಿಯ ಲೆಕ್ಕದಲ್ಲಿ, 2019ರ ಜುಲೈನಲ್ಲಿ ಒಂದು ಪೋರ್ಷನ್ ಫಿಶ್ ಅಂಡ್ ಚಿಪ್ಸ್‌ಗೆ ಸರಾಸರಿ 6.48 ಪೌಂಡ್ ಇತ್ತು. 2024ರ ಜುಲೈ ಹೊತ್ತಿಗೆ 9.88 ಪೌಂಡ್ ಆಯಿತು. ಪಿಜ್ಜಾ, ಕಬಾಬ್, ಚೈನೀಸ್, ಕರಿ (ಇಲ್ಲಿನವರ ಬಾಯಲ್ಲಿ ಇಂಡಿಯನ್ ಊಟ) ಎಲ್ಲವೂ ಏರಿವೆ. ಆದರೆ ಇಷ್ಟು ಜೋರಾಗಿ ಏರಿದ್ದು ಇದೇ.

ನಾನು ಲೀಡ್ಸ್‌ನಲ್ಲಿ ಓದುತ್ತಿದ್ದಾಗ ಸಂಜೆ ಹೊತ್ತು ಒಂದು ಚಿಪ್ಪಿಯಲ್ಲಿ ಕೆಲಸ ಮಾಡುತ್ತಿದ್ದೆ. ಫಿಶ್ ಅಂಡ್ ಚಿಪ್ಸ್ ಅಂಗಡಿಯನ್ನು ಇಲ್ಲಿ ಎಲ್ಲರೂ ಚಿಪ್ಪಿ ಅಂತಲೇ ಕರೆಯುತ್ತಾರೆ. ಈಗ ಅದೇ ಊರಿನಲ್ಲಿ ಸಂಸಾರ, ಇಬ್ಬರು ಮಕ್ಕಳು. ಶುಕ್ರವಾರ ಸಂಜೆ ಬಂತು ಅಂದರೆ ಒಲೆ ಹತ್ತಿಸಲು ಯಾರಿಗೂ ಮನಸ್ಸಿಲ್ಲ. ಹಾಗಾಗಿ ಟೇಕ್‌ಅವೇ ಬಿಟ್ಟುಬಿಡಿ ಅನ್ನುವ ಉಪದೇಶ ನನ್ನಿಂದ ಆಗುವುದಿಲ್ಲ. ಕೊಟ್ಟ ದುಡ್ಡು ಎಲ್ಲೆಲ್ಲಿ ಹೋಗುತ್ತಿದೆ ಅಂತ ತಿಳಿದುಕೊಂಡರೆ ಎಲ್ಲಿ ಉಳಿಸಬಹುದು ಅಂತಲೂ ತಿಳಿಯುತ್ತದೆ. ನಾನು ಮಾಡುವುದು ಇಷ್ಟೇ.

ಹತ್ತು ಪೌಂಡ್ ಯಾರ ಪಾಲು?

ಮೊದಲ ಪಾಲು ಸರ್ಕಾರದ್ದು. ಬಿಸಿ ಟೇಕ್‌ಅವೇ ಊಟಕ್ಕೆ ಶೇ 20 ವ್ಯಾಟ್. ನೀವು ಹತ್ತು ಪೌಂಡ್ ಕೊಟ್ಟರೆ ಅದರಲ್ಲಿ 1 ಪೌಂಡ್ 67 ಪೆನ್ಸ್ ತೆರಿಗೆಗೇ ಹೋಯಿತು. ಕೊರೋನಾ ಕಾಲದಲ್ಲಿ ಇದನ್ನು ಶೇ 5ಕ್ಕೆ ಇಳಿಸಿದ್ದರು, ಆಮೇಲೆ ಶೇ 12.5 ಮಾಡಿದರು. 2022ರ ಏಪ್ರಿಲ್‌ನಲ್ಲಿ ಮತ್ತೆ 20ಕ್ಕೆ ಬಂತು.

ಅದೇ ಹೊತ್ತಿಗೆ ಯುಕ್ರೇನ್ ಯುದ್ಧ. ಸೂರ್ಯಕಾಂತಿ ಎಣ್ಣೆ ಹೆಚ್ಚಾಗಿ ಬರುತ್ತಿದ್ದದ್ದು ಆ ಕಡೆಯಿಂದಲೇ. ಗ್ಯಾಸ್, ಕರೆಂಟ್ ಬಿಲ್ ಮೇಲೇರಿತು. ಚಿಪ್ಪಿಯ ದೊಡ್ಡ ಫ್ರೈಯಿಂಗ್ ರೇಂಜ್ (ಕರಿಯುವ ಒಲೆ) ನೋಡಿದವರಿಗೆ ಗೊತ್ತು, ಗಿರಾಕಿ ಬರಲಿ ಬಿಡಲಿ ಸಂಜೆ ಪೂರ್ತಿ ಎಣ್ಣೆ ಕಾದೇ ಇರಬೇಕು. ರಷ್ಯಾದ ಬಿಳಿ ಮೀನಿಗೆ (ಕಾಡ್, ಹ್ಯಾಡಕ್‌ನಂಥವು) ಬ್ರಿಟನ್ 2022ರ ಜುಲೈನಲ್ಲಿ ಶೇ 35 ಹೆಚ್ಚುವರಿ ಸುಂಕ ಹಾಕಿತು. ಅದರ ಮೇಲೆ ಮೀನೇ ಕಡಿಮೆ. ಇಲ್ಲಿ ತಿನ್ನುವ ಕಾಡ್ ಮೀನಿನಲ್ಲಿ ತುಂಬಾ ಪಾಲು ಉತ್ತರದ ಬ್ಯಾರೆಂಟ್ಸ್ ಸಮುದ್ರದ್ದು. ಅಲ್ಲಿ ಎಷ್ಟು ಹಿಡಿಯಬಹುದು ಅಂತ ನಾರ್ವೆ, ರಷ್ಯಾ ಸೇರಿ ಪ್ರತಿ ವರ್ಷ ನಿಗದಿ ಮಾಡುತ್ತವೆ. 2025ಕ್ಕೆ ಅದನ್ನು ಶೇ 25 ಕಡಿತ ಮಾಡಿ 3 ಲಕ್ಷ 40 ಸಾವಿರ ಟನ್‌ಗೆ ಇಳಿಸಿದರು. 1991ರಿಂದ ಈಚೆಗೆ ಇಷ್ಟು ಕಡಿಮೆ ಆಗಿರಲಿಲ್ಲ.

ಕೆಲಸದವರ ಕನಿಷ್ಠ ಕೂಲಿಯೂ ಏರಿದೆ. 2025ರ ಏಪ್ರಿಲ್‌ನಲ್ಲಿ ಗಂಟೆಗೆ 12.21 ಪೌಂಡ್ ಆಗಿತ್ತು. ಕೌಂಟರ್ ಹಿಂದೆ ನಿಂತವಳು ನಾನು, ಅದಕ್ಕೆ ತಕರಾರು ಮಾಡಲಾರೆ. ಒಟ್ಟಿನಲ್ಲಿ ಅಂಗಡಿಯವನು ಸುಮ್ನೆ ದೋಚುತ್ತಿದ್ದಾನೆ ಅನ್ನುವ ಮಾತು ನನಗೆ ಒಪ್ಪಿಗೆಯಿಲ್ಲ. ನಮ್ಮ ಓನರ್ ರಾತ್ರಿ ಅಂಗಡಿ ಮುಚ್ಚಿದ ಮೇಲೆ ಮೀನಿನ ಡಬ್ಬಿಗಳ ಬಿಲ್ ಹಿಡಿದು ತಲೆ ಕೆರೆದುಕೊಳ್ಳುತ್ತಿದ್ದದ್ದನ್ನು ನಾನೇ ನೋಡಿದ್ದೇನೆ.

ಕೌಂಟರಿನಲ್ಲಿ ಕೇಳುವ ರೀತಿ

ಇಷ್ಟು ಗೊತ್ತಾದ ಮೇಲೆ ಉಪಾಯ ಸುಲಭ. ದುಬಾರಿ ಇರುವುದು ಮೀನು. ಹೊಟ್ಟೆ ತುಂಬಿಸುವುದು ಚಿಪ್ಸ್. ಆದರೆ ತಲೆಗೊಂದು "ಫಿಶ್ ಅಂಡ್ ಚಿಪ್ಸ್" ಅಂತ ಕೇಳಿದರೆ ಎರಡಕ್ಕೂ ಪೂರ್ತಿ ದುಡ್ಡು ಕೊಡುತ್ತೀರಿ, ಚಿಪ್ಸ್ ಅರ್ಧ ಕಸದ ಬುಟ್ಟಿಗೆ ಹೋಗುತ್ತದೆ.

ಚಿಪ್ಸ್ ಹಾಕುವಾಗ ತಕ್ಕಡಿ ಇರುವುದಿಲ್ಲ. ಅಗಲ ಬಾಯಿಯ ಸ್ಕೂಪಿನಲ್ಲಿ ಬಾಚುವುದು, ಡಬ್ಬಿಗೆ ಸುರಿಯುವುದು, ಇನ್ನೊಂದು ಅರ್ಧ ಸ್ಕೂಪ್ ಮೇಲೆ. ಖಾಲಿ ಕಂಡರೆ ಗಿರಾಕಿ ಮುಖ ಸಪ್ಪೆ ಮಾಡುತ್ತಾನೆ ಅಂತ ಎಲ್ಲರ ಕೈಯೂ ಧಾರಾಳವೇ. ರೆಗ್ಯುಲರ್ ಚಿಪ್ಸ್ ಇಬ್ಬರಿಗೆ ಸಾಕು, ಲಾರ್ಜ್ ಆದರೆ ಮೂವರಿಗೆ ನಡೆಯುತ್ತದೆ. ಆದ್ದರಿಂದ ಮೀನು ಬೇರೆ, ಚಿಪ್ಸ್ ಬೇರೆ ಕೇಳಿ. ಇಬ್ಬರಿದ್ದರೆ ಎರಡು ಮೀನು, ಒಂದು ಚಿಪ್ಸ್. ನಾವು ನಾಲ್ವರು ತರಿಸುವುದು ಎರಡು ಮೀನು, ಎರಡು ಫಿಶ್‌ಕೇಕ್, ಒಂದು ಲಾರ್ಜ್ ಚಿಪ್ಸ್.

ಈ ಫಿಶ್‌ಕೇಕ್ ಬಗ್ಗೆ ಒಂದು ಮಾತು. ಬೇರೆ ಕಡೆ ಫಿಶ್‌ಕೇಕ್ ಅಂದರೆ ಮೀನು, ಆಲೂಗಡ್ಡೆ ಕಲಸಿ ತಟ್ಟಿದ ಕಟ್ಲೆಟ್. ನಮ್ಮ ಲೀಡ್ಸ್ ಇರುವ ಯಾರ್ಕ್‌ಷೈರ್‌ನ ಚಿಪ್ಪಿಗಳಲ್ಲಿ ಹಾಗಲ್ಲ. ಎರಡು ದಪ್ಪ ಆಲೂಗಡ್ಡೆ ಬಿಲ್ಲೆ, ನಡುವೆ ಮೀನಿನ ಚೂರು, ಇಡಿಯಾಗಿ ಹಿಟ್ಟಿನಲ್ಲಿ ಅದ್ದಿ ಕರಿಯುತ್ತಾರೆ. ನಮ್ಮ ಆಲೂಗಡ್ಡೆ ಬಜ್ಜಿಯೊಳಗೆ ಮೀನು ಬಚ್ಚಿಟ್ಟ ಹಾಗೆ. ಮೀನು ಕತ್ತರಿಸುವಾಗ ಉಳಿದ ತುಂಡುಗಳೇ ಅದಕ್ಕೆ ಹೋಗುವುದರಿಂದ ಬೆಲೆಯೂ ಕಡಿಮೆ. ನನ್ನ ಮಗಳು ಇದನ್ನೇ ತಿನ್ನುತ್ತಾಳೆ, ಮೀನು ಮುಟ್ಟುವುದಿಲ್ಲ.

ಬೋರ್ಡಿನ ಮೂಲೆಯನ್ನೂ ಓದಿ. ಮಧ್ಯಾಹ್ನದ ಲಂಚ್ ಸ್ಪೆಷಲ್, ಸಣ್ಣ ಮೀನಿನ ಲೈಟ್ ಬೈಟ್, ಹಿರಿಯರಿಗೆ ಪೆನ್ಷನರ್ ಸ್ಪೆಷಲ್ ಎಲ್ಲ ಅಲ್ಲೇ ಸಣ್ಣಕ್ಷರದಲ್ಲಿ ಇರುತ್ತವೆ. ಊರಿಂದ ಅಪ್ಪ ಅಮ್ಮ ಬಂದಿದ್ದರೆ ಸಂಕೋಚ ಬಿಟ್ಟು ಕೇಳಿ. ನನ್ನ ಅಪ್ಪ ಅಮ್ಮ ಬಂದಿದ್ದಾಗ ಅಪ್ಪನಿಗೆ ಆ ಸಣ್ಣ ಪೋರ್ಷನ್ನೇ ಹೆಚ್ಚಾಗಿತ್ತು. ಅಮ್ಮ ಮಾತ್ರ ಒಂದು ತುತ್ತು ತಿಂದು, "ಏನೇ ಇದು, ಮಸಾಲೆ ಹಾಕೋದನ್ನ ಮರೆತಿದಾರಾ?" ಅಂದರು. ಅವರಿಗೆ ಕರಿ ಸಾಸ್ ಕೊಡಿಸಬೇಕಾಯಿತು. ಆ ಸಣ್ಣ ಡಬ್ಬಿಗೂ ಬೇರೆ ದುಡ್ಡು. ಮನೆಗೆ ಒಯ್ಯುವುದಾದರೆ ಸಾಸ್, ಕೋಲಾ, ಮಷಿ ಪೀಸ್ (ಬೇಯಿಸಿ ಮೆತ್ತಗೆ ಮಾಡಿದ ಬಟಾಣಿ) ಯಾವುದನ್ನೂ ಅಲ್ಲಿ ಕೊಳ್ಳಬೇಡಿ. ಸೂಪರ್‌ಮಾರ್ಕೆಟ್ಟಿನಲ್ಲಿ ಎಲ್ಲವೂ ಅಗ್ಗ.

ಪುಕ್ಕಟೆ ಸಿಗುವುದು ಒಂದಿದೆ, ಸ್ಕ್ರ್ಯಾಪ್ಸ್. ಎಣ್ಣೆಯಲ್ಲಿ ಉದುರಿ ಗರಿಗರಿಯಾದ ಹಿಟ್ಟಿನ ಕಾಳು. ಇಲ್ಲಿ ಉತ್ತರದ ಕಡೆ "ಸ್ಕ್ರ್ಯಾಪ್ಸ್ ಪ್ಲೀಸ್" ಅಂದರೆ ಬಹಳಷ್ಟು ಅಂಗಡಿಯವರು ಸುಮ್ನೆ ಒಂದು ಹಿಡಿ ಹಾಕಿಕೊಡುತ್ತಾರೆ.

ದುಡ್ಡಿಗೆ ಸಂಬಂಧವಿಲ್ಲದಿದ್ದರೂ ಇದನ್ನು ಹೇಳದೆ ಮುಂದೆ ಹೋಗಲಾರೆ. ಯಾರ್ಕ್‌ಷೈರ್‌ನ ಎಷ್ಟೋ ಚಿಪ್ಪಿಗಳಲ್ಲಿ ಕರಿಯುವುದು ಎಣ್ಣೆಯಲ್ಲಲ್ಲ, ದನದ ಕೊಬ್ಬಿನಲ್ಲಿ. "ಬೀಫ್ ಡ್ರಿಪ್ಪಿಂಗ್" ಅಂತ ಹೆಮ್ಮೆಯಿಂದ ಬೋರ್ಡ್ ಹಾಕಿರುತ್ತಾರೆ. ಬರೀ ಚಿಪ್ಸ್ ತಾನೇ, ಸಸ್ಯಾಹಾರ ತಾನೇ ಅಂದುಕೊಂಡು ತಿನ್ನುವವರು ಬೇಕಾದಷ್ಟು ಜನ ಇದ್ದಾರೆ. ಬೇಡದವರು ಮೊದಲೇ ಕೇಳಿ. ಸಸ್ಯದ ಎಣ್ಣೆಯ ಚಿಪ್ಪಿಗಳೂ ಇವೆ.

ಆ್ಯಪ್ ಒತ್ತುವ ಮುಂಚೆ

ಮೀನಿನ ಬೆಲೆ ನಮ್ಮ ಕೈಯಲ್ಲಿಲ್ಲ. ಆ್ಯಪ್ ಮಾತ್ರ ಪೂರ್ತಿ ನಮ್ಮ ಕೈಯಲ್ಲೇ ಇದೆ. ಡೆಲಿವರಿ ಆ್ಯಪ್‌ಗಳು ಅಂಗಡಿಯವರಿಂದ ಕಮಿಷನ್ ತೆಗೆದುಕೊಳ್ಳುತ್ತವೆ. ಅದನ್ನು ತುಂಬಿಕೊಳ್ಳಲು ಎಷ್ಟೋ ಅಂಗಡಿಯವರು ಆ್ಯಪ್ ಮೆನುವಿನಲ್ಲಿ ಬೆಲೆ ಏರಿಸಿರುತ್ತಾರೆ. ನಮ್ಮ ಮನೆ ಹತ್ತಿರದ ಕರಿ ಅಂಗಡಿಯ ಕಾಗದದ ಮೆನು ಫ್ರಿಜ್ ಮೇಲೆ ಅಂಟಿಸಿದ್ದೇನೆ. ಅದನ್ನೂ ಆ್ಯಪನ್ನೂ ಪಕ್ಕ ಪಕ್ಕ ಇಟ್ಟು ನೋಡಿದರೆ ಒಂದೊಂದು ಐಟಂಗೂ ಒಂದು, ಒಂದೂವರೆ ಪೌಂಡ್ ವ್ಯತ್ಯಾಸ. ಅದರ ಮೇಲೆ ಸರ್ವಿಸ್ ಫೀ, ಡೆಲಿವರಿ ಫೀ. ಆರ್ಡರ್ ಚಿಕ್ಕದಾದರೆ ಅದಕ್ಕೂ ಒಂದು ಫೀ!

ಆದ್ದರಿಂದ ಆ್ಯಪಿನಲ್ಲಿ ಅಂಗಡಿ ಹುಡುಕಿ, ಆಮೇಲೆ ಅದನ್ನು ಮುಚ್ಚಿ, ಅಂಗಡಿಗೇ ಫೋನ್ ಮಾಡಿ. "ನಾನೇ ಬಂದು ತಗೊಂಡು ಹೋಗ್ತೀನಿ, ಏನಾದ್ರೂ ಕಡಿಮೆ ಮಾಡ್ತೀರಾ?" ಅಂತ ಕೇಳುವುದಕ್ಕೆ ನಾಚಿಕೆ ಬೇಡ. ಕಲೆಕ್ಷನ್‌ಗೆ ಶೇ 10 ಬಿಡುವ ಅಂಗಡಿಗಳು ಇವೆ, ಕೇಳದಿದ್ದರೆ ಬಿಡುವುದಿಲ್ಲ. ಹೊಸ ಅಂಗಡಿಯಾದರೆ ಬಾಗಿಲ ಮೇಲಿನ ಹೈಜೀನ್ ಸ್ಟಿಕರ್ ನೋಡಿ. 0ಯಿಂದ 5ರವರೆಗೆ ಅಂಕ ಇರುತ್ತದೆ. ವೇಲ್ಸ್ ಮತ್ತು ಉತ್ತರ ಐರ್ಲೆಂಡಿನಲ್ಲಿ ಅಂಟಿಸುವುದು ಕಡ್ಡಾಯ. ಇಂಗ್ಲೆಂಡಿನಲ್ಲಿ ಕಡ್ಡಾಯವಲ್ಲ. ಸ್ಟಿಕರ್ ಕಾಣದಿದ್ದರೆ ಫುಡ್ ಸ್ಟ್ಯಾಂಡರ್ಡ್ಸ್ ಏಜೆನ್ಸಿಯ ವೆಬ್‌ಸೈಟಿನಲ್ಲಿ ಅಂಗಡಿಯ ಹೆಸರು ಹಾಕಿ ನೋಡಿಬಿಡಿ.

ಕರಿ ತರುವಾಗ ಅನ್ನ ತರಬೇಡಿ. ಇದನ್ನು ನಮ್ಮವರಿಗೆ ಹೇಳಬೇಕಾ ಅನ್ನಿಸಬಹುದು, ಆದರೆ ಬೇಕು! ಮನೆಯಲ್ಲಿ ಹತ್ತು ಕೆಜಿ ಅಕ್ಕಿ ಮೂಟೆ ಇಟ್ಟುಕೊಂಡು ಮೂರು ಪೌಂಡ್ ಕೊಟ್ಟು ಪಲಾವ್ ರೈಸ್ ತರುವವರನ್ನು ಕಂಡಿದ್ದೇನೆ. ಫೋನ್ ಮಾಡಿ ಕುಕ್ಕರ್ ಇಟ್ಟು ಹೊರಡಿ. ಅನ್ನ ಉಳಿದರೆ ಒಂದು ಗಂಟೆಯೊಳಗೆ ಆರಿಸಿ ಫ್ರಿಜ್‌ಗೆ ಇಡಿ, 24 ಗಂಟೆಯೊಳಗೆ ಮುಗಿಸಿ.

ಮತ್ತೆ ಆ ವ್ಯಾಟ್ ವಿಷಯ. ಅದು ಬಿಸಿ ಊಟಕ್ಕೆ. ತಣ್ಣನೆ ಸ್ಯಾಂಡ್‌ವಿಚ್ ಕಟ್ಟಿಸಿಕೊಂಡು ಹೋದರೆ ವ್ಯಾಟ್ ಇಲ್ಲ. ಅದನ್ನೇ ಅಂಗಡಿಯಲ್ಲಿ ಕೂತು ತಿಂದರೆ ಶೇ 20 ಬೀಳುತ್ತದೆ. "ಈಟ್ ಇನ್ ಆರ್ ಟೇಕ್‌ಅವೇ?" ಅಂತ ಅವರು ಕೇಳುವುದು ಅದಕ್ಕೇ. ಹವಾ ಚೆನ್ನಾಗಿದ್ದರೆ ಪಾರ್ಕಿನ ಬೆಂಚೇ ವಾಸಿ. 2012ರಲ್ಲಿ ಹಣಕಾಸು ಮಂತ್ರಿ ಜಾರ್ಜ್ ಆಸ್ಬೋರ್ನ್ ಬೇಕರಿಯ ಬಿಸಿ ಪ್ಯಾಸ್ಟಿಗೂ (ನಮ್ಮ ಪಫ್ಸ್ ಥರ ಹೂರಣ ತುಂಬಿದ ತಿಂಡಿ) ಈ ತೆರಿಗೆ ಹಾಕಲು ಹೋಗಿ, ಜನರ ಗಲಾಟೆಗೆ ಹಿಂದೆ ಸರಿದರು. ಹಾಗಾಗಿ ಒಲೆಯಿಂದ ತೆಗೆದು ತಾನಾಗೇ ಆರಲು ಬಿಟ್ಟ ಪ್ಯಾಸ್ಟಿಗೆ ಇವತ್ತಿಗೂ ವ್ಯಾಟ್ ಇಲ್ಲ.

ಮನೆಯಲ್ಲಿ ಮಾಡುವುದಾದರೆ

ಇಬ್ಬರೇ ಇದ್ದರೆ ಮಾಡಬೇಡಿ. ಎಣ್ಣೆ, ಮೀನು, ಮನೆ ತುಂಬ ಕರಿದ ವಾಸನೆ, ಎಲ್ಲ ಲೆಕ್ಕ ಹಾಕಿದರೆ ಚಿಪ್ಪಿಯ ಲಂಚ್ ಸ್ಪೆಷಲ್ಲೇ ಮೇಲು. ನಾಲ್ಕು ಜನ ಇದ್ದರೆ ಖಂಡಿತ ಉಳಿತಾಯ.

ಕಾಡ್, ಹ್ಯಾಡಕ್‌ನಂಥ ದುಬಾರಿ ಮೀನು ಬೇಡ. ಫ್ರೀಜರ್ ವಿಭಾಗದಲ್ಲಿ ಪೊಲಾಕ್ ಅಥವಾ ಕೋಲಿ ಸಿಗುತ್ತದೆ, ಬಿಳಿ ಮೀನೇ, ಬೆಲೆ ಕಡಿಮೆ. ಹಿಂದಿನ ರಾತ್ರಿಯೇ ಫ್ರಿಜ್‌ನಲ್ಲಿಟ್ಟು ಕರಗಿಸಿ. ಕರಿಯುವ ಮುಂಚೆ ಬಟ್ಟೆಯಲ್ಲಿ ಒತ್ತಿ ನೀರಿನ ಪಸೆ ಪೂರ್ತಿ ತೆಗೆಯಿರಿ. ಪಸೆ ಇದ್ದರೆ ಹಿಟ್ಟು ಜಾರಿಹೋಗುತ್ತದೆ, ಎಣ್ಣೆಯೂ ಸಿಡಿಯುತ್ತದೆ.

ಚಿಪ್ಸನ್ನು ಓವನ್ನಿಗೆ ಬಿಡಿ. ಆಲೂಗಡ್ಡೆ ಮಾರಿಸ್ ಪೈಪರ್ ಜಾತಿಯದಿರಲಿ. ಹೆಬ್ಬೆರಳ ದಪ್ಪಕ್ಕೆ ಹೆಚ್ಚಿ, ತೊಳೆದು, ಉಪ್ಪು ನೀರಿನಲ್ಲಿ ನಾಲ್ಕೈದು ನಿಮಿಷ ಕುದಿಸಿ ಬಸಿಯಿರಿ. ಆವಿ ಹೋಗುವವರೆಗೆ ಹಾಗೇ ಬಿಡಿ. ಎಣ್ಣೆ ಸವರಿ 220 ಡಿಗ್ರಿಯಲ್ಲಿ ಸುಮಾರು 35 ನಿಮಿಷ, ನಡುವೆ ಒಮ್ಮೆ ತಿರುವಿ ಹಾಕಿ.

ಹಿಟ್ಟಿಗೆ 150 ಗ್ರಾಂ ಮೈದಾ, ಒಂದು ಚಮಚ ಬೇಕಿಂಗ್ ಪೌಡರ್, ಉಪ್ಪು. ಫ್ರಿಜ್‌ನಿಂದ ತೆಗೆದ ಸೋಡಾ ನೀರು ಸುಮಾರು 200 ಎಂಎಲ್, ಕರಿಯುವ ಹೊತ್ತಿಗೆ ಹಾಕಿ ಕಲಸಿ. ಗಂಟು ಸ್ವಲ್ಪ ಉಳಿದರೂ ಪರವಾಗಿಲ್ಲ, ಜಾಸ್ತಿ ತಿರುವಬೇಡಿ. ಎಣ್ಣೆ 180 ಡಿಗ್ರಿ. ಮೀನಿಗೆ ಒಣ ಮೈದಾ ಸವರಿ, ಹಿಟ್ಟಿನಲ್ಲಿ ಅದ್ದಿ, ಬಾಲದ ತುದಿ ಹಿಡಿದು ಉಳಿದ ಭಾಗವನ್ನು ನಿಮ್ಮಿಂದ ಆಚೆ ಕಡೆಗೆ ನಿಧಾನಕ್ಕೆ ಎಣ್ಣೆಗೆ ಇಳಿಸಿ. ಎರಡು ಮೂರು ಸೆಕೆಂಡ್ ಹಾಗೇ ಹಿಡಿದು ಆಮೇಲೆ ಬಿಡಿ. ಆಗ ಹಿಟ್ಟು ಉಬ್ಬಿ ಮೀನು ತೇಲುತ್ತದೆ, ಪಾತ್ರೆಯ ತಳಕ್ಕೆ ಅಂಟುವುದಿಲ್ಲ. ಓನರ್ ನನಗೆ ಮೊದಲು ಕಲಿಸಿದ್ದೇ ಇದನ್ನು. ಐದಾರು ನಿಮಿಷ ಸಾಕು. ತೆಗೆದು ಜಾಲರಿ ಮೇಲಿಡಿ. ಟಿಶ್ಯೂ ಮೇಲಿಟ್ಟರೆ ಕೆಳಭಾಗ ಮೆತ್ತಗಾಗುತ್ತದೆ.

ಪಾತ್ರೆಗೆ ಎಣ್ಣೆ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಬೇಡ. ಒಲೆ ಬಿಟ್ಟು ಕದಲಬೇಡಿ. ಎಣ್ಣೆಗೆ ಬೆಂಕಿ ಹತ್ತಿದರೆ ನೀರು ಹಾಕಲೇಬೇಡಿ, ಹೊರಗೆ ಬಂದು ತುರ್ತು ಸೇವೆಯ 999ಕ್ಕೆ ಫೋನ್ ಮಾಡಿ. ತಾಪಮಾನ ತಾನೇ ನೋಡಿಕೊಳ್ಳುವ ಎಲೆಕ್ಟ್ರಿಕ್ ಫ್ರೈಯರ್ ಇದ್ದರೆ ಅದೇ ಒಳ್ಳೆಯದು. ಉಳಿದ ಎಣ್ಣೆಯನ್ನು ಸಿಂಕಿಗೆ ಸುರಿಯಬೇಡಿ. ಆರಿದ ಮೇಲೆ ಬಾಟಲಿಗೆ ತುಂಬಿಡಿ. 2017ರಲ್ಲಿ ಲಂಡನ್ನಿನ ವೈಟ್‌ಚಾಪೆಲ್ ಚರಂಡಿಯಲ್ಲಿ ಹೀಗೆ ಸುರಿದ ಜಿಡ್ಡು, ಒರೆಸುವ ಬಟ್ಟೆಗಳೆಲ್ಲ ಸೇರಿ 130 ಟನ್ ತೂಕದ ಗಡ್ಡೆಯಾಗಿ ಸಿಕ್ಕಿತ್ತು.

ಮಿಕ್ಕಿದ್ದು

ಚಿಪ್ಪಿಯಿಂದ ಮನೆಗೆ ಹತ್ತು ನಿಮಿಷಕ್ಕಿಂತ ದೂರ ಇದ್ದರೆ ಕಾಗದದ ಒಂದು ತುದಿ ಬಿಚ್ಚಿಡಿ, ಆವಿ ಹೋಗಲಿ. ಮಿಕ್ಕ ಮೀನನ್ನು ಮೈಕ್ರೋವೇವಿಗೆ ಹಾಕಿದರೆ ರಬ್ಬರ್ ಆಗುತ್ತದೆ. ಏರ್ ಫ್ರೈಯರ್‌ನಲ್ಲಿ ನಾಲ್ಕೈದು ನಿಮಿಷ ಚೆನ್ನಾಗಿ ಬಿಸಿಯಾಗುವವರೆಗೆ ಇಡಿ, ಮತ್ತೆ ಗರಿಗರಿಯಾಗುತ್ತದೆ. ಚಿಪ್ಸ್ ಮಿಕ್ಕರೆ ಮಾರನೇ ದಿನ ಸಾಸಿವೆ, ಕರಿಬೇವು, ಹಸಿಮೆಣಸಿನಕಾಯಿ ಒಗ್ಗರಣೆಗೆ ಈರುಳ್ಳಿ ಹಾಕಿ, ಅರಿಶಿನ ಉದುರಿಸಿ ಪಲ್ಯ ಮಾಡಿ. ಚಪಾತಿಗೆ ಸರಿಯಾಗುತ್ತದೆ. ವಿನೆಗರ್ ಬಿದ್ದ ಚಿಪ್ಸ್ ಮಾತ್ರ ಪಲ್ಯಕ್ಕೆ ಆಗದು. ಅದಕ್ಕೇ ಕೌಂಟರಿನಲ್ಲಿ "ಸಾಲ್ಟ್ ಅಂಡ್ ವಿನೆಗರ್?" ಅಂತ ಕೇಳಿದಾಗ ಬರೀ ಸಾಲ್ಟ್ ಅನ್ನಿ. ವಿನೆಗರ್ ಮನೆಯಲ್ಲಿ ತಟ್ಟೆಗೆ ಬೇಕಾದಷ್ಟು ಹಾಕಿಕೊಂಡರಾಯಿತು.